ಕರಿಗಲ್ಲಿನ ಮೂರು ಸಾಲು

ಬೆಳಗ್ಗೆ ತೋಟಕ್ಕೆ ಹೋಗಿ, ಒಂದು ದ್ರಾಕ್ಷಿ ತಿಂದು, ಬೀಜವನ್ನು ಅಂಗೈಗೆ ಉಗುಳಿ ನೋಡುವುದು ಸಿದೋನಿಯ ರೂಢಿ. ಬೀಜ ಹಸಿರಾಗಿದ್ದರೆ ಇನ್ನೂ ಕಾಯಬೇಕು. ಕಂದು ಬಣ್ಣಕ್ಕೆ ತಿರುಗಿ ಹಲ್ಲಿಗೆ ಕಟುಕ್ಕೆಂದರೆ ಕೊಯ್ಯಬೇಕು. ಅಂದು ಮಂಜಿನಲ್ಲಿ ಗುಡ್ಡ ಹತ್ತಿ ಬಂದವಳು ಬಳ್ಳಿಗೆ ಕೈ ಹಾಕಿದರೆ ಬರೀ ಎಲೆ. ಪಕ್ಕದ ಬಳ್ಳಿಯಲ್ಲೂ ಎಲೆಯೇ. ಕರಿಗಲ್ಲು ಎಂಬ ಆ ಪುಟ್ಟ ತಾಕಿನ ಐದು ಸಾಲಿನಲ್ಲಿ ಮೂರು ಬೋಳಾಗಿದ್ದವು.

ಬೋನ್ ಪಟ್ಟಣದ ಮೇಲಿನ ಆ ಇಳಿಜಾರಿನಲ್ಲಿ ಯಾರ ತೋಟಕ್ಕೂ ಬೇಲಿಯಿಲ್ಲ. ಕೊಯ್ಲಿಗೆ ಮುಂಚೆ ಅಂಚಿನ ಸಾಲಿನ ಎರಡೂ ತುದಿಗೆ ಕೆಂಪು ಬಟ್ಟೆ ಕಟ್ಟಿದರೆ ಪಕ್ಕದವರ ಆಳುಗಳು ಅಲ್ಲಿಗೇ ನಿಲ್ಲುತ್ತಾರೆ. ಈ ವರ್ಷ ಕಟ್ಟುವ ಕೆಲಸ ತಮ್ಮ ಗಾಸ್ಪಾರನದು. ಅವನೂ ಅವಳ ಹಿಂದೆಯೇ ಗುಡ್ಡ ಹತ್ತಿ ಬಂದಿದ್ದ.

"ಕಟ್ಟಿದ್ದೆ ಕಣೇ ಅಕ್ಕ, ದೇವರಾಣೆ! ಅಲ್ನೋಡು, ಹಾರಾಡ್ತಿದೆ."

"ಅದು ಮೇಲಿನ ತುದಿ. ಕೆಳಗೆ?"

"ಬಟ್ಟೆ ಮುಗಿದುಹೋಯ್ತು. ಎಲ್ರೂ ಮೇಲಿಂದ ತಾನೇ ಇಳಿಯೋದು..."

"ನಿನ್ನ ಅಂಗಿ ಹರಿದು ಕಟ್ಟೋಕೆ ಏನಾಗಿತ್ತೋ!"

ಮನೆಯ ಹೆಸರು ನಿಂತಿದ್ದೇ ಆ ಐದು ಸಾಲಿನ ಮೇಲೆ. ವರ್ಷಕ್ಕೆ ಒಂದೇ ಪೀಪಾಯಿ ವೈನು, ಅದಕ್ಕೂ ತಾಕಿನದೇ ಹೆಸರು. ಹೋದ ವರ್ಷ ಗಾಸ್ಪಾರ ಮಳೆಗೆ ಹೆದರಿ ಬೇಗ ಕೊಯ್ಯಿಸಿದ್ದ. ಕುಡಿದವರು ಮುಖ ಕಿವುಚಿದ್ದರು. ಈ ವರ್ಷ ಅವನೊಡನೆ ಜಗಳವಾಡಿ ಜಗಳವಾಡಿ, ಬೀಜ ಕಂದಾಗುವವರೆಗೆ ಕಾಯಲು ಅವಳು ಒಪ್ಪಿಸಿದ್ದಳು.

ಅಷ್ಟರಲ್ಲಿ ಪಕ್ಕದ ತೋಟದ ಮುದುಕ ಅನ್ಸೆಲ್ಮ್ ಟೋಪಿ ಕೈಯಲ್ಲಿ ಹಿಡಿದು ಬಂದ.

"ತಪ್ಪಾಯ್ತು ಮಗಳೇ. ನಮ್ಮ ಆಳುಗಳು ಹೊಸಬರು, ನಿನ್ನೆ ಕೆಳಗಿಂದ ಹತ್ತಿದಾರೆ. ಕತ್ತಲಾಯ್ತು ಅಂತ ನಿಲ್ಲಿಸಿದ್ರು, ಇಲ್ದಿದ್ರೆ ಐದೂ ಹೋಗ್ತಿತ್ತು."

"ನನ್ನ ಹಣ್ಣು ಎಲ್ಲಿ ಮಾವ?"

"ನನ್ನ ತೊಟ್ಟೀಲಿ, ನನ್ನ ಹಣ್ಣಿನ ಜೊತೆ ತುಳಿದೂ ಆಯ್ತು. ಹಾಲಿಗೆ ಬಿದ್ದ ಸಕ್ಕರೆ ಹೆಕ್ಕಿ ಕೊಡು ಅಂದ್ರೆ ಎಲ್ಲಿಂದ ತರ್ಲಿ? ನಂದೂ ಒಂದಿಷ್ಟು ಸಾಲು ಕೊಯ್ಯದೆ ಉಳಿದಿದೆ. ಹೋದಷ್ಟೇ ತೂಕ ತಗೋ."

"ತಗೊಂಡ್ಬಿಡು ಅಕ್ಕ," ಎಂದ ಗಾಸ್ಪಾರ. "ಅದೇ ಗುಡ್ಡ, ಅದೇ ಮಣ್ಣು. ಎರಡು ಸಾಲಿಗೆ ಅರ್ಧ ಪೀಪಾಯೀನೂ ತುಂಬಲ್ಲ. ಅರ್ಧ ಖಾಲಿ ಬಿಟ್ರೆ ವೈನು ಗಾಳಿಗೆ ಹುಳಿಯಾಗತ್ತೆ."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದೇ ಅವಳ ಮೈ ಉರಿಸಿತು. ಅನ್ಸೆಲ್ಮನ ಸಾಲಿಗೆ ಹೋಗಿ ಒಂದು ಹಣ್ಣು ಬಾಯಿಗೆ ಹಾಕಿಕೊಂಡಳು. ದಪ್ಪ ಹಣ್ಣು, ಸಿಹಿಯೂ ಇತ್ತು. ಆ ಸಿಹಿ ಕರಗಿದ ಮೇಲೆ ನಾಲಗೆಯಲ್ಲಿ ಏನೂ ಉಳಿಯಲಿಲ್ಲ.

"ಬೇಡ ಮಾವ."

"ಹಣ್ಣಿಗೇನಾಗಿದೆ ಮಗಳೇ?"

"ಏನೂ ಆಗಿಲ್ಲ. ಆದ್ರೆ ಇದು ಕರಿಗಲ್ಲಲ್ಲ. ಆ ಹೆಸರಿನ ಪೀಪಾಯಿಗೆ ಇದನ್ನ ಹಾಕಲ್ಲ."

"ನಿಮ್ಮಜ್ಜಿ ಬಳ್ಳಿ ಜೊತೆ ಹಟಾನೂ ನೆಟ್ಟು ಹೋಗಿದಾಳೆ," ಎಂದು ಗೊಣಗುತ್ತ ಮುದುಕ ಟೋಪಿ ಹಾಕಿಕೊಂಡ.

ಆ ವಾರ ಮಳೆ ಬರಲಿಲ್ಲ. ವಾರದ ಕೊನೆಗೆ ಉಳಿದ ಎರಡು ಸಾಲಿನಿಂದ ಒಂದು ಹಣ್ಣು ಕಿತ್ತು ತಿಂದಳು. ಬೀಜ ಕಂದಾಗಿತ್ತು, ಹಲ್ಲಿಗೆ ಕಟುಕ್ಕೆಂದಿತು. ಇಂಥ ಹಣ್ಣು ಅಜ್ಜಿ ಹೋದ ಮೇಲೆ ಬಂದಿರಲಿಲ್ಲ. ಗಾಸ್ಪಾರನಿಗೂ ಒಂದು ಕೊಟ್ಟಳು. ಅವನು ತಿಂದು ತಲೆ ತಗ್ಗಿಸಿದ.

"ಹೇಳೋ, ಹೇಗಿದೆ?"

ಅವನು ಬುಟ್ಟಿ ಎತ್ತಿಕೊಂಡ. ಇಬ್ಬರೂ ಸೇರಿ ಕೊಯ್ದು, ಬುಟ್ಟಿಗಳನ್ನು ಮನೆಗೆ ಹೊತ್ತು, ತಮ್ಮ ಬೇರೆ ತಾಕುಗಳ ಹಣ್ಣು ಹಾಕಿ ಊರಿನ ಹೆಸರಲ್ಲಿ ಮಾರುವ ಸಾದಾ ವೈನಿನ ದೊಡ್ಡ ತೊಟ್ಟಿಗೆ ಸುರಿದರು. ಕರಿಗಲ್ಲಿನ ವೈನಿಗೆಂದು ತೊಳೆದು ಸಿದ್ಧವಾಗಿಟ್ಟಿದ್ದ ಪೀಪಾಯಿ ದಾರಿಗೆ ಅಡ್ಡವಾಗಿತ್ತು. ಸಿದೋನಿ ಅದನ್ನು ಕಾಲಿಂದ ಒದ್ದಳು. ಖಾಲಿ ಪೀಪಾಯಿ ಬಹಳ ಹೊತ್ತು ಗುಂಯ್‌ಗುಟ್ಟಿತು.