ಟಾರ್ಪಾಲಿನ ಸುರಂಗ

ಮಾಘದ ಚಳಿ ಇನ್ನೂ ಬಿಟ್ಟಿರಲಿಲ್ಲ. ಅದೊಂದು ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಇದೆಲ್ಲ ಶುರುವಾಯಿತು. ನಂದಿದುರ್ಗ ಚಿನ್ನದ ಗಣಿಯ ಆಳುಗಳ ಹಳೇ ಲೈನ್ ಮನೆಯೊಂದರಲ್ಲಿ ಪುಟ್ಟ ಮ್ಯೂಸಿಯಂ ಇದೆ. ಅದರ ಅಂಗಳದಲ್ಲಿ ಟಾರ್ಪಾಲು ಕಟ್ಟಿ, ಗೋಣಿ ಹೊದಿಸಿ, ಸುರಂಗದ ಹಾಗೆ ಮಾಡಿದ್ದರು.

ಮ್ಯೂಸಿಯಂ ನಡೆಸುವವರು ರಿಟೈರಾದ ಟೀಚರು ಅರುಣಕುಮಾರಿ. ಮಳೆ ಹಿಡಿಯುವುದರೊಳಗೆ ಸೂರಿಗೆ ಶೀಟು ಬೀಳದಿದ್ದರೆ ಗಣಿಯವರ ದೀಪ, ಟೋಪಿ, ಫೋಟೊ ಎಲ್ಲ ನೀರುಪಾಲು. ಅದಕ್ಕೇ ಭಾನುವಾರ ಭಾನುವಾರ ಟಿಕೆಟ್ಟಿಟ್ಟು, ಮುದ್ದೆ ಊಟ ಹಾಕಿ, ಗಣಿಯೊಳಗೆ ಸಿಕ್ಕಿಬಿದ್ದು ಬದುಕಿ ಬಂದವನ ಬಾಯಿಂದಲೇ ಕಥೆ ಹೇಳಿಸುವುದೆಂದು ಗೊತ್ತುಮಾಡಿದರು. ಹಾಗೆ ಬದುಕಿ ಬಂದವನು ಬೇತಮಂಗಲದ ಕಡೆಯ ಮುನಿಸ್ವಾಮಪ್ಪ.

ಒಂದು ಸಲಕ್ಕೆ ಎಂಟು ಜನ. ಮುನಿಸ್ವಾಮಪ್ಪ ದೀಪ ಹಿಡಿದು ಕೂತು ಹೇಳಿದ: ಬಂಡೆ ಸಿಡಿದದ್ದು, ತಾನು ಈಚೆ, ಜೊತೆಗಾರ ಕುಪ್ಪುಸ್ವಾಮಿ ಬಂಡೆಯ ಆಚೆ, ಒಂದೂವರೆ ದಿನದ ಕತ್ತಲೆ. ಬೆಂಗಳೂರಿನ ಹೆಂಗಸೊಬ್ಬಳು, ಅವರು ಕೊನೆಗೆ ಏನಾದರೂ ಹೇಳಿದರಾ ಎಂದು ಕೇಳಿದಳು. ಎಂಟು ಜನವೂ ಅವನತ್ತ ಬಾಗಿದರು. ಅವನ ಬಾಯಿಂದ ತಾನಾಗಿ ಬಂತು: "ಎಂಡ್ತಿ ಎಸರಿಡಿದು, ಅಕ್ಕಯ್ಯನ್ನ ನೋಡ್ಕಳಣ್ಣಾ ಅಂದ." ಆ ಹೆಂಗಸು ಸೆರಗು ಕಣ್ಣಿಗೊತ್ತಿಕೊಂಡಳು. ಅವತ್ತು ಹುಂಡಿ ತುಂಬಿತು. ಈ ಮಾತನ್ನು ಮಾತ್ರ ಬಿಡಬೇಡಿ ಎಂದರು ಟೀಚರು.

ನಿಜ ಬೇರೆ ಇತ್ತು. ಬಂಡೆ ಸಿಡಿದ ಮೇಲೆ ಅದು ಸುಮ್ಮನಾಗುವವರೆಗೂ ಬಾಯಿ ಬಿಡಬಾರದು, ಕೂಗಿದರೆ ಇನ್ನೊಂದು ಬಂಡೆ ಓಗೊಡುತ್ತದೆ ಎಂಬುದು ಹಳೇ ಆಳುಗಳ ಕಟ್ಟಳೆ. ಕುಪ್ಪುಸ್ವಾಮಿ ಆಚೆಯಿಂದ ಇವನ ಹೆಸರು ಹಿಡಿದು ನಾಲ್ಕು ಸಲ ಕೂಗಿದ್ದ. ಇವನು ಹಲ್ಲು ಕಚ್ಚಿ ಕೂತಿದ್ದ. ಬಂಡೆ ತಣ್ಣಗಾಗುವ ಹೊತ್ತಿಗೆ ಕೂಗೂ ನಿಂತಿತ್ತು.

ಮಾತು ಬಂಗಾರಪೇಟೆ ಮುಟ್ಟಿತು. ಎರಡನೇ ಭಾನುವಾರ ರೈಲು ಹತ್ತಿ ಅಕ್ಕಯ್ಯಮ್ಮನೇ ಬಂದಳು, ಕುಪ್ಪುಸ್ವಾಮಿಯ ಹೆಂಡತಿ. ಬೇಡವೆಂದರೂ ಟಿಕೆಟ್ಟು ಕೊಂಡು ಮುಂದೆಯೇ ಕೂತಳು. ಮೂರನೆಯ ವಾರವೂ ಬಂದಳು. ಅವಳ ಮುಖ ಕಂಡರೆ ಮುನಿಸ್ವಾಮಪ್ಪನಿಗೆ ಸುಳ್ಳು ನುಂಗಲೂ ಆಗದು, ಉಗುಳಲೂ ಆಗದು.

ಬಾಗಿಲಲ್ಲಿ ಟಿಕೆಟ್ಟು ಹರಿಯುವ ಕಾಂತರಾಜ್ ಹಳೇ ಗಣಿಯವನೇ. ಅವನು ರೇಗಿಸಿದ: "ಆವತ್ತು ಒಂದೂವರೆ ದಿನಕ್ಕೆ ಈಚೆಗೆ ಎಳೆದ್ರು ಕಣ್ಲಾ. ಈ ಟೀಚರಮ್ಮ ಬಿಡಂಗೆ ಕಾಣಾಕಿಲ್ಲ." ಮುನಿಸ್ವಾಮಪ್ಪ ನಗಲಿಲ್ಲ. ಇನ್ನು ಇದನ್ನು ಹೊರಲಾರೆ, ಅವಳಿಗೊಬ್ಬಳಿಗಾದರೂ ಹೇಳಿಬಿಡಬೇಕು ಎಂದು ನಿಶ್ಚಯಿಸಿದ್ದ.

ಮುಂದಿನ ಸಲ ಅವಳು ಎಲ್ಲರಿಗಿಂತ ಮೊದಲೇ ಬಂದು ಕೂತಳು. ಟಾರ್ಪಾಲಿನೊಳಗೆ ಇಬ್ಬರೇ. ಅವನು ದೀಪ ಕೆಳಗಿಟ್ಟ.

"ಅಕ್ಕಯ್ಯಮ್ಮಾ, ಅವ್ನು ಏನೂ ಏಳ್ಲಿಲ್ಲಮ್ಮ. ನನ್ನ ಎಸರಿಡಿದು ನಾಕು ಸಲ ಕೂಗ್ದ. ನಾನು ಓ ಅನ್ಲಿಲ್ಲ."

ಅವಳು ಗೋಣಿಯ ನೂಲೊಂದನ್ನು ಎಳೆದು ಬೆರಳಿಗೆ ಸುತ್ತಿಕೊಂಡಳು. ಅವನ ಕಡೆ ನೋಡದೆಯೇ ಅಂದಳು:

"ಇಷ್ಟು ವರ್ಸ ಇಟ್ಕೊಂಡಿದ್ದೋನು ನೀನೇ ಇಟ್ಕೊ. ನಂಗ್ಯಾಕೆ ಕೊಡ್ತೀಯ? ಮೊಮ್ಮಗ್ಳನ್ನ ಕರ್ಕೊಂಡು ಬಂದಿವ್ನಿ, ತಾತ ಏನಂದ ಅಂತ ಕೇಳಕ್ಕೆ. ಆ ಮಾತ್ನ ಮೊದ್ಲಿನಂಗೇ ಏಳು."

ಅಷ್ಟರಲ್ಲಿ ಮೊಮ್ಮಗಳು ಲಿಖಿತ ತಲೆ ಬಗ್ಗಿಸಿ ಒಳಗೆ ಬಂದಳು. ಹಿಂದೆಯೇ ಮಿಕ್ಕವರೂ ಬಂದರು. ಮುನಿಸ್ವಾಮಪ್ಪ ದೀಪ ಎತ್ತಿಕೊಂಡ. ಹೇಳಿದ. ಅಕ್ಕಯ್ಯನ್ನ ನೋಡ್ಕಳಣ್ಣಾ ಎಂಬಲ್ಲಿಗೆ ಬಂದಾಗ ಅಕ್ಕಯ್ಯಮ್ಮನ ತುಟಿಯೂ ಅವನ ಜೊತೆಗೇ ಅಲುಗಿತು. ಆ ಎಂಟು ಜನ ಎದ್ದು ಹೋದರು. ಕಾಂತರಾಜ್ ಇನ್ನೆಂಟು ಜನರನ್ನು ಬಿಟ್ಟ.

ಶಿವರಾತ್ರಿ ಕಳೆದ ಮೊದಲನೇ ಭಾನುವಾರ ಅದು. ಸಂಜೆಯ ರೈಲಿಗೆ ಅಕ್ಕಯ್ಯಮ್ಮ ಮೊಮ್ಮಗಳ ಕೈಹಿಡಿದು ಬಂಗಾರಪೇಟೆಗೆ ಹೊರಟುಹೋದಳು. ಮುನಿಸ್ವಾಮಪ್ಪ ಇನ್ನೂ ಟಾರ್ಪಾಲಿನ ಒಳಗೇ ಇದ್ದ.