ಮೂಲೆಯ ಬಾಲ್ಕನಿ

ಕಿಟಕಿಯ ಕಲ್ಲಿನ ಅಂಚಿನ ಮೇಲೆ ಫೋನು ಮೆಲ್ಲಗೆ ಗುರ್ರೆಂದಿತು. ರಿಹಾಬ್‌ಗೆ ಇನ್ನೂ ನಿದ್ದೆ ಹತ್ತಿರಲಿಲ್ಲ. ಇಷ್ಟು ಹೊತ್ತಿನಲ್ಲಿ ಬರುವ ಸಂದೇಶ ಒಳ್ಳೆಯದಿರಲಾರದೆಂದು ಮೊದಲು ಹೆದರಿದಳು, ಆಮೇಲೆ ತೆರೆದಳು. ಅಕ್ಕ ಸಿಹಾಮ್ ಒಂದು ಫೋಟೋ ಕಳಿಸಿದ್ದಳು. ವಿಮಾನ ನಿಲ್ದಾಣದ ರಸ್ತೆಯಲ್ಲಿ ಖಾಲಿ ನಿವೇಶನದ ಬೇಲಿಗೆ ಬಿಗಿದ ಜಾಹೀರಾತು. ಇನ್ನೂ ಕಟ್ಟದ ಮನೆಯ ಬಾಲ್ಕನಿ, ಸಂಜೆಯ ಬಿಸಿಲು, ಕಾಫಿ ಹಿಡಿದು ನಗುತ್ತಿರುವ ನೀಲಿ ಸ್ಕಾರ್ಫಿನ ಹೆಂಗಸು. ಪಕ್ಕದಲ್ಲಿ ಕಂಬಿಗೆ ಒರಗಿ ಅವಳನ್ನೇ ನೋಡುತ್ತಿರುವ ಬಿಳಿ ಅಂಗಿಯ ಗಂಡಸು. ಬಿಟ್ಟ ಗಂಡನ ಹೆಸರೆತ್ತಿ ಅಕ್ಕ ಕೆಳಗೆ ಬರೆದಿದ್ದಳು: "ಮುಂದಿರ್ ಕಳಿಸಿದಾನೆ. ಶುಭಾಶಯ ಅಂತೆ. ಇವನು ಯಾರೇ?"

ಆ ಹೆಂಗಸು ಸಿಹಾಮಳೇ.

ಕಟ್ಟದ ಮನೆಗಳ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಕಟ್ಟುವುದು ರಿಹಾಬಳ ಕೆಲಸ. ಜನರಿಲ್ಲದ ಮನೆ ಚಿತ್ರದಲ್ಲಿ ಸತ್ತಂತೆ ಕಾಣುತ್ತದೆ. ಸಿದ್ಧವಾಗಿ ಸಿಗುವ ಮನುಷ್ಯರ ಚಿತ್ರಗಳಲ್ಲೆಲ್ಲ ಚಡ್ಡಿ ತೊಟ್ಟ ವಿದೇಶಿಯರು. ಅಮ್ಮಾನಿನಲ್ಲಿ ಮನೆ ಕೊಳ್ಳುವವರು ಅವರನ್ನು ಒಪ್ಪುವುದಿಲ್ಲ. ಹಾಗಾಗಿ ಅವಳು ತಾನೇ ತೆಗೆದ ಫೋಟೋಗಳಿಂದ ಜನರನ್ನು ಕತ್ತರಿಸಿ ಅಂಟಿಸುತ್ತಿದ್ದಳು. ಅಕ್ಕ ಅಜ್ಲೂನಿನ ಕಾಡಿಗೆ ಊಟ ಕಟ್ಟಿಕೊಂಡು ಹೋದ ದಿನದವಳು, ಗಂಡಸು ಯಾವುದೋ ಕಾಫಿ ಅಂಗಡಿಯ ಮುಂದೆ ನಿಂತಿದ್ದವನು. ಇಡೀ ಕಟ್ಟಡದ ಚಿತ್ರದಲ್ಲಿ ಇಬ್ಬರೂ ಅಕ್ಕಿಕಾಳಿಗಿಂತ ಚಿಕ್ಕವರಿದ್ದರು. ಮಾರಾಟದವರಿಗೆ ಆ ಮೂಲೆಯ ಬಾಲ್ಕನಿ ಹಿಡಿಸಿತ್ತು. ಅಷ್ಟನ್ನೇ ಹಿಗ್ಗಿಸಿ ಅಚ್ಚು ಹಾಕಿಸಿದ್ದರು. ರಿಹಾಬಳನ್ನು ಅವರು ಕೇಳಿರಲಿಲ್ಲ. ಅಕ್ಕನನ್ನು ಅವಳೂ ಕೇಳಿರಲಿಲ್ಲ.

ಬೆಳಿಗ್ಗೆ ಸಿಹಾಮ್ ಚಪ್ಪಲಿಯನ್ನೂ ಬಿಡದೆ ಒಳಗೆ ಬಂದಳು.

"ಹೆಸರಾದ್ರೂ ಹೇಳೇ. ಊರಿಗೆಲ್ಲ ಗೊತ್ತಾಗೋ ಹಾಗೆ ಮದುವೆ ಮಾಡಿಸಿದೀಯ, ಗಂಡನ ಹೆಸರು ನಂಗೆ ಮಾತ್ರ ಗೊತ್ತಿಲ್ಲ."

"ನಂಗೂ ಗೊತ್ತಿಲ್ಲ ಅಕ್ಕ."

"ಚೆನ್ನಾಗಿದೆ. ಮುಂದಿರ್‌ನ ಬಿಟ್ಟ ಮೇಲೆ ಮಳೇಲಿ ನೆನ್ಕೊಂಡು ಬಂದಿದೀನಿ, ಸ್ಕೂಲಿನ ಮೇಷ್ಟ್ರುಗಳ ಕಾರು ಹತ್ತಿಲ್ಲ. ಯಾಕೆ? ಜುಮಾನಾಗೋಸ್ಕರ. ನಾನು ಇನ್ನೊಬ್ಬನ್ನ ಕಟ್ಕೊಂಡ್ರೆ ಕಾನೂನಿನಂತೆ ಮಗು ಅದರಪ್ಪನ ಮನೆಗೆ. ಅಮ್ಮ ಇದ್ದಿದ್ರೆ ಅವಳ ಹತ್ರ ಇರ್ತಿತ್ತು. ಅಮ್ಮ ಇಲ್ಲ. ನೀನಿದೀಯ." ಕೊನೆಯ ಮಾತನ್ನು ಅವಳು ಉಗುಳಿದಂತೆ ಹೇಳಿದಳು. "ಗುಟ್ಟಾಗಿ ಮದುವೆ ಆಗಿದೀನಿ ಅಂತ ಮುಂದಿರ್ ಆಗಲೇ ಕೋರ್ಟಿಗೆ ಅರ್ಜಿ ಹಾಕಿದಾನೆ. ಫೋನಿನ ಫೋಟೋ ಸಾಲದು, ಬೋರ್ಡೇ ತೋರಿಸು ಅಂದ್ರಂತೆ. ಶುಕ್ರ, ಶನಿ ರಜೆ. ಭಾನುವಾರ ಕೋರ್ಟಿನವನು ಬೋರ್ಡು ನೋಡೋಕೆ ಬರ್ತಾನೆ."

ರಿಹಾಬ್ ಅವಳೆದುರೇ ಮುಂದಿರ್‌ಗೆ ಅಜ್ಲೂನಿನ ಮೂಲ ಫೋಟೋ ಕಳಿಸಿ ಫೋನು ಮಾಡಿದಳು. ಅದರಲ್ಲಿ ಸಿಹಾಮ್ ನಗುತ್ತಿದ್ದುದು ಪಕ್ಕದಲ್ಲಿ ಕೂತು ಕಾಫಿಗೆ ಬೆರಳದ್ದಲು ಹೊರಟಿದ್ದ ಜುಮಾನಾಳನ್ನು ನೋಡಿ. ಮಗುವನ್ನು ತೆಗೆದ ಜಾಗದಲ್ಲೇ ಆ ಗಂಡಸನ್ನು ನಿಲ್ಲಿಸಿದ್ದು.

ಮುಂದಿರ್ ಸಾವಧಾನವಾಗಿ ನಕ್ಕ. "ರಿಹಾಬಮ್ಮ, ಇಲ್ಲದ್ದನ್ನ ಇದೆ ಅಂತ ತೋರಿಸೋದೇ ನಿನ್ನ ಹೊಟ್ಟೆಪಾಡು. ಈ ಮಗೂನ ನಿನ್ನೆ ರಾತ್ರಿ ಕೂತು ಅಂಟಿಸಿಲ್ಲ ಅಂತ ಹ್ಯಾಗೆ ನಂಬ್ಲಿ?"

ಅವನಿಗೆ ನಿಜ ಗೊತ್ತಿತ್ತು. ಅದು ರಿಹಾಬ್‌ಗೂ ಗೊತ್ತಿತ್ತು.

ಕಚೇರಿಯಲ್ಲಿ ರಿಹಾಬಳ ಮೇಲಧಿಕಾರಿ ಇಂಜಿನಿಯರ್ ಫವಾಜ್ ಪುದೀನ ಟೀ ತರಿಸಿದ. ಬೋರ್ಡು ಇಳಿಸಿ ಎಂದಳು. ಅದನ್ನು ನೋಡಿಯೇ ಜನ ಫೋನು ಮಾಡುತ್ತಿದ್ದಾರೆ ಎಂದ. ಹಾಗಾದರೆ ಇದು ಜೋಡಿಸಿದ ಚಿತ್ರ, ಇವರಿಬ್ಬರೂ ಒಬ್ಬರನ್ನೊಬ್ಬರು ಕಂಡವರೇ ಅಲ್ಲ ಎಂದು ನಾಲ್ಕು ಸಾಲು ಬರೆದುಕೊಡಿ ಎಂದಳು.

"ನಮ್ಮ ಚಿತ್ರ ಸುಳ್ಳು ಅಂತ ನಾನೇ ಸಹಿ ಹಾಕ್ಲಾ? ನಾಳೆ ಕೊಂಡವರೆಲ್ಲ ಅದನ್ನ ಹಿಡ್ಕೊಂಡು ಬರ್ತಾರೆ. ಹಾಗಾದ್ರೆ ಈ ಮರ ನಿಜವಾ, ಈಜುಕೊಳ ನಿಜವಾ ಅಂತಾರೆ."

"ನಿಜವಾ?"

"ಏನು?"

"ಈಜುಕೊಳ. ನಲ್ಲಿಗೆ ವಾರಕ್ಕೊಂದ್ಸಲ ನೀರು ಬರೋ ಊರಲ್ಲಿ."

"ಟೀ ಆರ್ತಾ ಇದೆ ರಿಹಾಬ್, ಕುಡಿ. ನಿಮ್ಮಕ್ಕ ಎಷ್ಟು ಚೆನ್ನಾಗಿ ಬಂದಿದಾರೆ ನೋಡು. ಬೇರೆಯವರಾಗಿದ್ರೆ ಖುಷಿ ಪಡ್ತಿದ್ರು."

ಅವಳು ಕುಡಿಯಲಿಲ್ಲ. ಲೋಟ ಮುಟ್ಟಿದರೆ ಎಸೆದುಬಿಟ್ಟೇನು ಎಂದು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದಳು.

ಶುಕ್ರವಾರ ಮಧ್ಯಾಹ್ನದ ನಮಾಜಿನ ಹೊತ್ತಿಗೆ ಬೋರ್ಡಿರುವ ಆ ರಸ್ತೆ ಬರಿದಾಗುತ್ತದೆ. ಕಾವಲುಗಾರ ಚಾಪೆ ಸುತ್ತಿಕೊಂಡು ಮಸೀದಿಯ ಕಡೆ ಹೋಗುವವರೆಗೆ ರಿಹಾಬ್ ಕಾರಿನಲ್ಲೇ ಕಾದಳು. ಅವನ ಗುಡಿಸಲಿಗೆ ಆನಿಸಿಟ್ಟಿದ್ದ ಏಣಿ ತಂದು ಬೇಲಿಗೆ ಒರಗಿಸಿದಳು. ಹತ್ತಿರದಿಂದ ಅಕ್ಕನ ಮುಖ ಬಾಗಿಲಷ್ಟು ದೊಡ್ಡದಿತ್ತು, ಬರೀ ಚುಕ್ಕೆಗಳಾಗಿ ಒಡೆದಿತ್ತು.

ಅಡ್ಡಾದಿಡ್ಡಿ ಸೀಳಿಬಿಡಬೇಕು ಎಂದುಕೊಂಡು ಬಂದವಳು. ಆದರೆ ಬ್ಲೇಡು ಹಿಡಿದ ಕೈ ರೂಢಿಯಂತೆ ಸ್ಕಾರ್ಫಿನ ಅಂಚು ಹಿಡಿಯಿತು. ಭುಜ, ಮೊಣಕೈ, ಬೆರಳುಗಳ ಸಂದು, ಕಾಫಿ ಕಪ್ಪಿನ ಹಿಡಿಕೆ. ತನ್ನ ಕೈಯ ಈ ಅಚ್ಚುಕಟ್ಟನ್ನು ಕಂಡು ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಹಲ್ಲು ಕಚ್ಚಿ ಕತ್ತರಿಸಿದಳು. ದೂರದ ಧ್ವನಿವರ್ಧಕದಲ್ಲಿ ಪ್ರವಚನ ಮುಗಿದು ಪ್ರಾರ್ಥನೆ ಶುರುವಾಗಿತ್ತು. ಗಂಡಸನ್ನು ಕತ್ತರಿಸಲು ಸಮಯ ಉಳಿಯಲಿಲ್ಲ. ಅಕ್ಕನನ್ನು ಸುತ್ತಿ ಕಾರಿನ ಹಿಂಬದಿಗೆ ತುರುಕಿದಳು. ಮನೆಯಲ್ಲಿ ತುಂಡು ತುಂಡು ಮಾಡಿ ಬೇರೆ ಬೇರೆ ಬೀದಿಯ ಕಸದ ಡಬ್ಬಗಳಿಗೆ ಹಾಕಿ ಬಂದಳು.

ಭಾನುವಾರ ಫವಾಜ್ ಪುಂಡು ಹುಡುಗರನ್ನು ಬೈದ. ನಮಾಜಿಗೆ ಹೋಗಿದ್ದೆ ಎಂದನಂತೆ ಕಾವಲುಗಾರ. ಅದಕ್ಕೆ ಯಾರೂ ಏನೂ ಅನ್ನುವಂತಿರಲಿಲ್ಲ. ಹೊಸದು ಅಚ್ಚಾಗಿ ಬರುವುದಕ್ಕೆ ವಾರ ಬೇಕು, ಈ ಸಲ ಬೇರೆ ಮುಖ ಹಾಕು ಎಂದು ಫವಾಜ್ ಅವಳ ಕಡೆ ನೋಡದೆ ಹೇಳಿದ.

ಔಷಧಿ ತರುವ ನೆಪ ಹೇಳಿ ರಿಹಾಬ್ ಆ ರಸ್ತೆಗೆ ಹೋಗಿ ಈಚೆ ಬದಿಯಲ್ಲಿ ನಿಂತಳು. ಆಚೆ ಬೇಲಿಯ ಮುಂದೆ ಕೋರ್ಟಿನಿಂದ ಬಂದ ಕೋಟು ತೊಟ್ಟ ಮುದುಕನಿಗೆ ಮುಂದಿರ್ ತನ್ನ ಫೋನು ತೋರಿಸುತ್ತಿದ್ದ. ಮುದುಕ ಒಮ್ಮೆ ಫೋನು ನೋಡಿದ, ಒಮ್ಮೆ ಬೋರ್ಡು ನೋಡಿದ. "ಇವತ್ತು ಯಾರು ಬೇಕಾದ್ರೂ ಫೋನಲ್ಲಿ ಏನು ಬೇಕಾದ್ರೂ ಮಾಡ್ತಾರಪ್ಪ," ಎಂದದ್ದು ಗಾಡಿಗಳ ನಡುವೆಯೂ ಕೇಳಿಸಿತು. ಮುಂದಿರ್ ಅಂಗೈಯಿಂದ ಬೇಲಿಗೆ ಹೊಡೆದ. ಮುದುಕ ಕಾರಿನ ಕಡೆ ನಡೆದ.

ಕಾರು ಹೋಗಿ ಸುಮಾರು ಹೊತ್ತಾದರೂ ರಿಹಾಬ್ ಅಲ್ಲೇ ನಿಂತಿದ್ದಳು, ಆಗ ಸಿಹಾಮಳ ಫೋನು ಬಂತು. "ಏನೂ ಸಿಗ್ಲಿಲ್ವಂತೆ ಕಣೇ. ಯಾರೋ ಕುಯ್ದಿದಾರಂತೆ, ನೀಟಾಗಿ." ಅವಳ ದನಿ ಸಣ್ಣಗಾಯಿತು. "ರಿಹಾಬ್, ನೀನಾ?"

ಅಕ್ಕನಿಗೆ ಸುಳ್ಳು ಬರುವುದಿಲ್ಲ. ಕೋರ್ಟಿನಲ್ಲಿ ಕುರಾನಿನ ಮೇಲೆ ಕೈಯಿಡಿಸಿ ಕೇಳಿದರೆ ಗೊತ್ತಿದ್ದುದನ್ನೆಲ್ಲ ಹೇಳಿಬಿಡುವವಳು. ಅವಳಿಗೆ ಗೊತ್ತಿರಬಾರದು. ಯಾರಿಗೂ ಗೊತ್ತಿರಬಾರದು, ಎಂದಿಗೂ.

"ನಾನ್ಯಾಕೆ ಹೋಗ್ಲಿ ಅಲ್ಲಿಗೆ," ಎಂದಳು ರಿಹಾಬ್. "ಜುಮಾನಾ ಊಟ ಮಾಡಿದ್ಲಾ?"

ಎದುರಿನ ಬೋರ್ಡಿನಲ್ಲಿ ಅಕ್ಕನ ಆಕಾರದ ತೂತಿನಿಂದ ಒಳಗಿನ ಬರಡು ನೆಲ ಕಾಣುತ್ತಿತ್ತು. ಎಲ್ಲಿಂದಲೋ ನುಗ್ಗಿದ ಕುರಿಯೊಂದು ಒಣ ಮುಳ್ಳು ಮೇಯುತ್ತಿತ್ತು. ಬಿಳಿ ಅಂಗಿಯವನು ಕಂಬಿಗೆ ಒರಗಿಕೊಂಡು, ಸಂಜೆಯ ಬಿಸಿಲಿನಲ್ಲಿ, ಬಲು ಪ್ರೀತಿಯಿಂದ ಅದನ್ನೇ ನೋಡುತ್ತಿದ್ದ.