ಆಲು ಉಕ್ಕಿದ್ದು

ಸಿದ್ದರಾಜುವೂ ಚೌಡಯ್ಯನೂ ಮೇಜಿನ ಎರಡು ತುದಿ ಹಿಡಿದು ನಡುಮನೆಯಿಂದ ಒಳಕೋಣೆಗೆ ಸಾಗಿಸುತ್ತಿದ್ದರು. ಮೇಲಿದ್ದ ಲ್ಯಾಪ್‌ಟಾಪನ್ನು ವನಜಾ ಎರಡೂ ಕೈಯಲ್ಲಿ ಅದುಮಿ ಹಿಡಿದುಕೊಂಡು, ಹಿಂದೆ ಹಿಂದೆ ಹೆಜ್ಜೆಯಿಡುತ್ತ ಮೇಜಿನ ಜೊತೆಗೇ ನಡೆದಳು.

"ಅದನ್ನ ಮಡಿಚಿ ಕೈಲಿ ಇಟ್ಕೊಂಡ್ರೆ ಆಗ್ತಿರಲಿಲ್ವಾ?" ಎಂದ ಅವಳ ಗಂಡ ಸಿದ್ದರಾಜು.

"ಮಡಿಚ್ಬೇಡಿ. ಅಪ್ಪ ಹೆಂಗ್ ಬಿಟ್ಟಿದ್ರೋ ಹಂಗೇ ಇರ್ಲಿ."

"ಎಣ ಮಲಗ್ಸಾಕೆ ಜಾಗ ಮಾಡ್ರಪ್ಪ ಅಂದ್ರೆ ಇವ್ಳು ಟೀವಿ ಮೆರವಣಿಗೆ ಮಾಡ್ತಾವ್ಳೆ," ಎಂದ ಚೌಡಯ್ಯ. ಕೇರಿಯಲ್ಲಿ ಯಾರು ಸತ್ತರೂ ಮಣ್ಣು ಮಾಡುವ ತನಕ ಮುಂದೆ ನಿಲ್ಲುವವನು ಅವನೇ.

ಗೋಡೆಗೆ ಒರಗಿ ಕೂತಿದ್ದ ಮಾಯಮ್ಮ ತಲೆಯೆತ್ತದೆ ಹೇಳಿದಳು. "ಮಾಡ್ಲಿ ಬುಡಣ್ಣ. ಅವ್ರು ಇರೋವಾಗ್ಲೂ ಈ ಮನೇಲಿ ನಡೀತಿದ್ದದ್ದು ಅದೊಂದೇಯ."

ಮಾಯಮ್ಮನ ಗಂಡ ಮರಿಯಯ್ಯ, ಬೆಳಕವಾಡಿಯವರ ಬಾಯಲ್ಲಿ ವಿಡಿಯೋ ಮರಿಯಯ್ಯ, ಹಿಂದಿನ ದಿನ ಶನಿವಾರ ಬೈಗಿನಲ್ಲಿ ಇದೇ ಮೇಜಿನ ಮುಂದೆ ಕೂತಿದ್ದವನು ಕೂತಂತೆಯೇ ಹೋಗಿದ್ದ. ಮಳವಳ್ಳಿ ಸುತ್ತಿನಲ್ಲಿ ಮೂವತ್ತು ವರ್ಷ ಮದುವೆ, ಮನೆ ಒಕ್ಕಲು, ಸೀಮಂತ ಎಂದು ಕ್ಯಾಮೆರಾ ಹೊತ್ತು ತಿರುಗಿದವನು. ಅವನು ಕೊನೆಗೆ ನೋಡಿದ ಪರದೆ ಈಗಲೂ ಹಾಗೇ ತೆರೆದಿತ್ತು. ಹನ್ನೊಂದು ನಿಮಿಷದ ಒಂದು ಚಿತ್ರ. ಅದರ ತುಂಡುಗಳೆಲ್ಲ ಸಾಲಾಗಿ ಕೆಂಪು ಪಟ್ಟಿಗಳಾಗಿ ನಿಂತಿದ್ದವು. ಪ್ರತಿ ಪಟ್ಟಿಯ ಮೇಲೂ ಫೈಲು ಸಿಗುತ್ತಿಲ್ಲ ಎಂಬ ಒಕ್ಕಣೆ, ಕೆಳಗೆ ಇನ್ನೇನೋ ಸಣ್ಣ ಅಕ್ಷರ.

*

ಬೇಸಿಗೆ ರಜೆಯಲ್ಲಿ ಶುರುವಾದದ್ದು ಅದು. ಮರಿಯಯ್ಯನ ಹಳೆಯ ಕಂಪ್ಯೂಟರು ಎರಡೇಟು ಹಾಕಿದರೆ ಮಾತ್ರ ಏಳುವ ಸ್ಥಿತಿಗೆ ಬಂದಿತ್ತು. ವನಜಾ ತನ್ನ ಲ್ಯಾಪ್‌ಟಾಪನ್ನು ಅಪ್ಪನಿಗೆ ಬಿಟ್ಟುಕೊಟ್ಟಳು. ಅವನು ಹಳೆಯದರಲ್ಲಿ ಜೋಡಿಸಿದ್ದ ಚಿತ್ರವನ್ನು ಒಂದು ಪೆನ್‌ಡ್ರೈವಿಗೆ ಹಾಕಿಕೊಂಡು ಮದ್ದೂರಿನ ಮಗಳ ಮನೆಗೆ ಬಂದ. ಅದು ತೆರೆಯಲೇ ಇಲ್ಲ.

"ಅದೂ ಕಂಪ್ಯೂಟ್ರೇಯ, ಇದೂ ಕಂಪ್ಯೂಟ್ರೇಯ. ಅದರ ಮನೆ ಅಡ್ಗೆ ಇದು ಉಣ್ಣಾಕಿಲ್ಲ ಅಂತದೆ," ಎಂದು ನಕ್ಕ. "ಇವಕ್ಕೂ ಜಾತಿ ಅದಾ ವನಜಾ?"

ಮಂಡ್ಯದ ಅಂಗಡಿಯೊಂದರಲ್ಲಿ ಆ ಚಿತ್ರವನ್ನು ಹೊಸ ಯಂತ್ರಕ್ಕೆ ತಿಳಿಯುವಂತೆ ಬದಲಿಸಿಕೊಟ್ಟರು. ಹಳೆಯದರಲ್ಲಿರುವ ವಿಡಿಯೋಗಳನ್ನೆಲ್ಲ ಇದಕ್ಕೆ ತುಂಬಿ, ಅವು ಎಲ್ಲಿವೆ ಎಂದು ಒಮ್ಮೆ ತೋರಿಸಿದರೆ ಸಾಕು, ಮಿಕ್ಕದ್ದನ್ನು ಅದೇ ಹುಡುಕಿಕೊಳ್ಳುತ್ತದೆ ಎಂದರು. ಮರಿಯಯ್ಯ ಅದನ್ನು ಮಗಳಿಗೆ ತನ್ನದೇ ರೀತಿಯಲ್ಲಿ ತಿಳಿಸಿದ.

"ಇದ್ರಾಗೆ ಒಂದ್ ಚಿತ್ರಾನೂ ಇಲ್ಲ ಕಣವ್ವ. ಮದ್ವೆ ಕಾಗ್ದ ಅಂಚಾಕೆ ಪಟ್ಟಿ ಬರ್ಕತೀವಲ್ಲ, ಅಂಗೆ. ಯಾವೂರು, ಯಾವ ಮನೆ, ಯಾರ್ನ ಕರೀಬೇಕು, ಅಷ್ಟೇಯ. ಮನೆ ಸಿಗ್ನಿಲ್ಲ ಅಂದ್ರೆ ಕರಿಯಾಕೋದೋನು ಬರೀ ಕೈಲಿ ವಾಪಸ್ಸು."

ಆ ಚಿತ್ರ ಅವನ ಅಕ್ಕ ಪಟ್ಟಲಮ್ಮನಿಗಾಗಿ. ಯಲಿಯೂರಿನ ಪಟ್ಟಲಮ್ಮನಿಗೆ ಇದ್ದವನೊಬ್ಬ ಮಗ ಅಶೋಕ. ಗೆಜ್ಜಲಗೆರೆಯ ಕಾರ್ಖಾನೆಗೆ ಬೈಕಿನಲ್ಲಿ ಹೋಗಿಬರುತ್ತಿದ್ದವನು ಹನ್ನೆರಡು ವರ್ಷದ ಕೆಳಗೆ ಹೆದ್ದಾರಿಯಲ್ಲಿ ತೀರಿಕೊಂಡಿದ್ದ. ನೆಂಟರಿಷ್ಟರ ಮದುವೆಗಳಲ್ಲೆಲ್ಲ ಅಶೋಕ ಸಾಂಬಾರಿನ ಬಕೆಟ್ಟು ಹಿಡಿದು ಪಂಕ್ತಿಯ ನಡುವೆ ಓಡಾಡುತ್ತಿದ್ದ. ಇಲ್ಲಿ ಐದು ಸೆಕೆಂಡು, ಅಲ್ಲಿ ಇಪ್ಪತ್ತು. ನೂರಾರು ಗಂಟೆಯ ವಿಡಿಯೋದಲ್ಲಿ ಅವನು ಎಲ್ಲೆಲ್ಲಿ ಹಾದುಹೋಗಿದ್ದಾನೆಂದು ಮರಿಯಯ್ಯ ಎರಡು ವರ್ಷ ಕೂತು ಹುಡುಕಿ ಜೋಡಿಸಿದ್ದ. ಅದು ಗೊತ್ತಿದ್ದದ್ದು ಅವನಿಗೆ, ಮತ್ತು ಆ ಪಟ್ಟಿಗೆ.

ಬೆಳಕವಾಡಿಗೆ ಬಂದು ವಿಡಿಯೋ ತುಂಬಿದವಳು ವನಜಾ. ನೂರನಲವತ್ತು ಫೋಲ್ಡರು. ಮರಿಯಯ್ಯ ಅವುಗಳಿಗೆ ಇಂಗ್ಲಿಷ್ ಅಕ್ಷರದಲ್ಲಿ ತನ್ನ ಬಾಯಿಗೆ ಬಂದಂತೆ ಹೆಸರು ಬರೆದಿದ್ದ: 'ಒಸಳ್ಳಿ ಒನ್ನಮ್ಮನ ಮದ್ವೆ', 'ಎಣ್ಣು ನೋಡಾಕೋದದ್ದು', 'ಆಲು ಉಕ್ಕಿದ್ದು'. 'ಹ' ಬರಬೇಕಾದ ಕಡೆ ಎಲ್ಲಿ ಹುಡುಕಿದರೂ ಒಂದು ಎಚ್ ಇಲ್ಲ. ಹತ್ತೊಂಬತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ, ಮಕ್ಕಳ ಪುಸ್ತಕದಲ್ಲಿ ಕೆಂಪು ಶಾಯಿಯಿಂದ 'ಹ' ಸೇರಿಸಿ ಸೇರಿಸಿ ಅಭ್ಯಾಸವಾದ ಕೈ ಅವಳದು. ಮಧ್ಯಾಹ್ನ ಅಪ್ಪ ಮಲಗಿದ್ದಾಗ ಕೂತು ಎಲ್ಲವನ್ನೂ ತಿದ್ದಿಬಿಟ್ಟಳು. ಹೊಸಹಳ್ಳಿ ಹೊನ್ನಮ್ಮ. ಹಾಲು. ಹೇಳುವಂಥ ಸಂಗತಿಯೆಂದು ಅನಿಸದೆ ಅಪ್ಪನಿಗೆ ಹೇಳಲಿಲ್ಲ. ಹಳೆಯ ಯಂತ್ರ ಗುಜರಿ ಗಾಡಿ ಹತ್ತಿ ಹೋಯಿತು.

ಮೊನ್ನೆ ಬುಧವಾರ ಅಪ್ಪನ ಫೋನು ಬಂತು.

"ಎಲ್ಲ ಕೆಂಪಗಾಗದೆ ಕಣವ್ವ. ಒಂದೂ ಉಳೀನಿಲ್ಲ. ಅಕ್ಕಂಗೆ ತೋರುಸ್ತೀನಿ ಅಂತ ಏಳ್ಬುಟ್ಟಿದ್ನಲ್ಲ."

"ಭಾನುವಾರ ಬರ್ತೀನಪ್ಪ. ಏನೂ ಆಗಿರಲ್ಲ, ನೋಡಾಣ."

*

ಇವತ್ತು ಭಾನುವಾರ.

ಪಟ್ಟಲಮ್ಮ ಮೂರು ಬಸ್ಸು ಹತ್ತಿ ಇಳಿದು ಬಂದಾಗ ಹನ್ನೆರಡಾಗಿತ್ತು. ತಮ್ಮನ ಕಾಲ ಬಳಿ ಕೂತು ಅತ್ತಳು. ಆಮೇಲೆ ಸೆರಗಿನಲ್ಲಿ ಮುಖ ಒರಸಿಕೊಂಡು ಒಳಕೋಣೆಗೆ ಬಂದು ವನಜಾಳ ಪಕ್ಕದಲ್ಲಿ ನಿಂತಳು.

"ಇದ್ರಾಗಾ ಮಗ ನಮ್ ಅಸೋಕ ಇರಾದು?"

"ಇದ್ರಲ್ಲೇ ಅತ್ತೆ."

"ಫೋಟೋದಾಗೆ ಅವ್ನೆ ಕಣವ್ವ. ಸುಮ್ಕೆ ನಿಂತವ್ನೆ. ಎಂಗ್ ನಡೀತಿದ್ದ ಅನ್ನಾದೇ ಮರ್ತೋಗದೆ ನಂಗೆ. ಕಣ್ಮುಚ್ಚುದ್ರೂ ಬರಾಕಿಲ್ಲ." ಅವಳು ಕೆಂಪು ಪಟ್ಟಿಗಳನ್ನು ನೋಡಿದಳು. "ಐದ್ಗಂಟೆ ಬಸ್ಸಿಗೆ ಓಯ್ತೀನಿ. ತಮ್ಮ ಇಲ್ದ ಊರ್ಗೆ ಇನ್ಯಾಕೆ ಬರ್ಲಿ."

"ತೋರಿಸ್ದೆ ಕಳಿಸಲ್ಲ ಅತ್ತೆ."

ಹೊರಗೆ ತಮಟೆಯವರು ಬೆಂಕಿಗೆ ತಮಟೆ ಹಿಡಿದು ಕಾಯಿಸುತ್ತಿದ್ದರು. ವನಜಾ ಒಂದೊಂದೇ ಪಟ್ಟಿಯನ್ನು ಒತ್ತಿದಳು. ಪ್ರತಿ ಸಲವೂ ಇಂಗ್ಲಿಷಿನಲ್ಲಿ ಅದೇ ತಕರಾರು. ಓದದೆ ಮುಚ್ಚಿದಳು. ಮುಚ್ಚಿ ಮತ್ತೆ ಒತ್ತಿದಳು. ಮಂಡ್ಯದ ಅಂಗಡಿಗೆ ಫೋನು ಮಾಡಿದರೆ ಯಾರೂ ಎತ್ತಲಿಲ್ಲ.

ಚೌಡಯ್ಯ ಬಾಗಿಲಲ್ಲಿ ಇಣುಕಿದ. "ನಮ್ ಉಡುಗಿ ಮದ್ವೇಲಿ ನಾನು ಪಾಯ್ಸಕ್ಕೆ ಜಗಳ ಆಡಿದ್ನಲ್ಲ, ಅದೂ ಇದ್ರಾಗೇ ಇತ್ತಾ?"

"ಇತ್ತು ದೊಡ್ಡಪ್ಪ."

"ಅದೊಂದ್ ಓದ್ರೆ ಓಗ್ಲಿ ಬುಡು." ಆಮೇಲೆ ದನಿ ತಗ್ಗಿಸಿದ. "ಏಳವ್ವ. ನೀರಾಕಾಣ ನಿಮ್ಮಪ್ಪಂಗೆ. ಕೆಲ್ಸ ಇನ್ನೊಂದಿನ ಆಯ್ತದೆ."

"ಇವತ್ತೇ ಆಗ್ಬೇಕು ದೊಡ್ಡಪ್ಪ," ಎಂದು ಅವಳು ಎದ್ದಳು.

*

ಕಾಲುವೆಯ ಆಚೆಗಿನ ಹೊಲದಲ್ಲಿ ಗುಂಡಿ ತೆಗೆದಿದ್ದರು. ಮರಿಯಯ್ಯನನ್ನು ಇಳಿಸಿದ ಮೇಲೆ ತಮಟೆ ನಿಂತಿತು. ಸಿದ್ದರಾಜು ಮಣ್ಣು ಹಾಕಿದ. ಪಟ್ಟಲಮ್ಮ ಹಾಕಿದಳು. ಚೌಡಯ್ಯ ವನಜಾಳ ಮೊಣಕೈ ಹಿಡಿದು ಅಂಚಿಗೆ ತಂದ.

"ಮೂರಿಡಿ ಆಕವ್ವ."

ಮೂರು ಹಿಡಿ, ಎಂದಿತು ಅವಳ ಮನಸ್ಸು. ಇಂಥ ಹೊತ್ತಿನಲ್ಲೂ ಅದಕ್ಕೆ ತಿದ್ದುವ ಚಾಳಿ ಬಿಡಲಿಲ್ಲ. ಮೊದಲ ಹಿಡಿ ಹಾಕಿದಳು. ಎರಡನೆಯದನ್ನು ತುಂಬಿಕೊಂಡ ಕೈ ಅಲ್ಲೇ ನಿಂತಿತು.

ಕೆಂಪು ಪಟ್ಟಿಯ ಕೆಳಗಿನ ಸಣ್ಣ ಅಕ್ಷರ. ಓದಿರಲಿಲ್ಲ, ಆದರೆ ಕಣ್ಣಿಗೆ ಬಿದ್ದಿತ್ತು. ಎಚ್ ಇಲ್ಲದೆ ಬರೀ ಓ ಇಂದ ಶುರುವಾಗಿತ್ತಲ್ಲವೆ? ಒಸಳ್ಳಿ. ಆ ಪಟ್ಟಿ ಇಷ್ಟು ದಿನವೂ ಒಸಳ್ಳಿಯನ್ನೇ ಕೇಳುತ್ತಿತ್ತು. ಹೊಸಹಳ್ಳಿ ಎಂದು ಬೋರ್ಡು ಬದಲಿಸಿ ಕೂತವಳು ತಾನು. ಕರೆಯಲು ಹೋದವನು ಬಾಗಿಲಿನ ಮುಂದೆಯೇ ನಿಂತಿದ್ದು ವಾಪಸು ಬಂದಿದ್ದ.

"ಯಾಕವ್ವ ನಿಂತ್ಕಂಡೆ? ಇನ್ನೆರಡಿಡಿ."

"ಇನ್ನೆರಡಿಡಿ," ಎಂದಳು ವನಜಾ. ಹಾಕಿದಳು.

*

ಹೆಣ ಮಲಗಿಸಿದ್ದ ಜಾಗದಲ್ಲಿ ಹೆಂಗಸರು ದೀಪ ಹಚ್ಚಿಟ್ಟಿದ್ದರು. ಮಣ್ಣಿಗೆ ಹೋಗಿದ್ದವರು ಕಾಲು ತೊಳೆದುಕೊಂಡು ಬಂದು, ದೀಪ ನೋಡಿ, ಯಾರಿಗೂ ಹೇಳದೆ ಹೊರಟುಹೋಗುತ್ತಿದ್ದರು. ವನಜಾ ತಲೆಯ ಮೇಲೆ ನೀರು ಸುರಿದುಕೊಂಡವಳು ಕೂದಲು ಕೂಡ ಒರಸದೆ, ದೀಪ ನೋಡಿ ನೇರ ಮೇಜಿಗೆ ಬಂದಳು. ನಾಲ್ಕೂ ಇಪ್ಪತ್ತು.

ಮೊದಲು ಹೊನ್ನಮ್ಮನ ಮದುವೆ. ತಿದ್ದಿದ್ದನ್ನು ಅಳಿಸಿ ಅಪ್ಪ ಬರೆದಿದ್ದಂತೆಯೇ ಬರೆದಳು. ಸಾಲಿನ ಮೊದಲ ಪಟ್ಟಿಯ ಕೆಂಪು ಹೋಗಿ ನೀಲಿ ಬಂತು.

ಅಶೋಕ ಬರುವ ಫೋಲ್ಡರು ಇನ್ನು ಇಪ್ಪತ್ತೆರಡು. ಸಣ್ಣ ಅಕ್ಷರ ಪ್ರತಿ ಹೆಸರಿನ ಮೊದಲ ತುಣುಕನ್ನಷ್ಟೇ ತೋರಿಸುತ್ತಿತ್ತು. ಅಪ್ಪ ಏನು ಬರೆದಿದ್ದ ಎಂದು ನೆನಪಾಗದ ಕಡೆ ಹೇಗೆ ಅನ್ನುತ್ತಿದ್ದ ಎಂದು ಮೊದಲು ಬಾಯಲ್ಲಿ ಅಂದು ನೋಡಿದಳು. "ಅಲಗೂರು ಉಚ್ಚಯ್ಯನ ಮಗ್ಳು." ನೀಲಿ. "ಊವಿನ ಸಾಸ್ತ್ರ." ಆಗಲಿಲ್ಲ. "ಊವ್ನ ಸಾಸ್ತ್ರ." ನೀಲಿ.

"ಅದೇನವ್ವ," ಎಂದಳು ಮಾಯಮ್ಮ ನಡುಮನೆಯಿಂದ, "ಅವ್ರಂಗೇ ಮಾತಾಡ್ತಾ ಇದ್ದೀಯೆ?"

"ಸುಮ್ನಿರವ್ವ. ಅವ್ರನ್ನೇ ಕೇಳ್ತಾ ಇವ್ನಿ."

ಐದಕ್ಕೆ ಹತ್ತು ನಿಮಿಷವಿದ್ದಾಗ ಪಟ್ಟಲಮ್ಮ ದೀಪ ನೋಡಿ, ಕೈಚೀಲ ಎತ್ತಿಕೊಂಡು ಬಾಗಿಲಿಗೆ ಬಂದಳು. ವನಜಾ ಎದ್ದು ಅಪ್ಪನ ಕುರ್ಚಿಯನ್ನು ಅವಳತ್ತ ತಿರುಗಿಸಿದಳು.

"ಕೂತ್ಕೋ ಅತ್ತೆ."

ಪರದೆಯಲ್ಲಿ ಬಾಳೆ ಎಲೆಗಳ ಸಾಲು. ಸಾಲಿನ ಆ ತುದಿಯಿಂದ ಬಕೆಟ್ಟು ಹಿಡಿದ ಅಶೋಕ ಬಂದ. ಬಕೆಟ್ಟಿನ ಭಾರಕ್ಕೆ ಒಂದು ಪಕ್ಕಕ್ಕೆ ವಾಲಿ, ಎಡಗಾಲನ್ನು ಕೊಂಚ ಹೊರಕ್ಕೆ ಎಸೆಯುತ್ತ ನಡೆದ. ಹೋದ. ಇನ್ನೊಂದು ಮದುವೆಯಲ್ಲಿ ಮತ್ತೆ ಬಂದ.

"ಅಗಾ," ಎಂದಳು ಪಟ್ಟಲಮ್ಮ. "ಎಡ್ಗಾಲು. ಚಪ್ಲೀನೂ ಅದೊಂದೇ ಸವೀತಿತ್ತು."

ಹೆದ್ದಾರಿಯ ಕಡೆಯಿಂದ ಬಸ್ಸಿನ ಹಾರನ್ನು ಕೇಳಿಸಿತು. ಸಿದ್ದರಾಜು ಬಾಗಿಲಿಗೆ ಬಂದು ನಿಂತುಕೊಂಡ. ಚೌಡಯ್ಯ ಅವನ ಹಿಂದೆ. ಮಾಯಮ್ಮ ಗೋಡೆ ಹಿಡಿದು ಎದ್ದು ಬಂದಳು.

ಕೊನೆಯದು 'ಆಲು ಉಕ್ಕಿದ್ದು'. ಯಲಿಯೂರಿನ ಹೊಸ ಮನೆ, ಮೂರು ಕಲ್ಲಿನ ಒಲೆ. ಅಶೋಕ ಬಗ್ಗಿ ಉರಿ ಊದುತ್ತಿದ್ದ. ರೇಷ್ಮೆ ಸೀರೆಯುಟ್ಟ ಪಟ್ಟಲಮ್ಮ ಪಾತ್ರೆಯ ಮುಂದೆ ಕೂತಿದ್ದಳು. ಹಾಲು ನೊರೆಯೆದ್ದು ಅಂಚಿಗೆ ಬಂತು. ಅವಳು ಗಾಬರಿಯಲ್ಲಿ ಪಾತ್ರೆ ಇಳಿಸಲು ಕೈ ಚಾಚಿದಳು. ಕ್ಯಾಮೆರಾದ ಹಿಂದಿನಿಂದ ಮರಿಯಯ್ಯನ ದನಿ ಬಂತು.

"ಮುಟ್ಬ್ಯಾಡ ಕಣಕ್ಕ. ಉಕ್ಲಿ ಬುಡು."

ಮಗನ ಬೆನ್ನು ಸವರಲೆಂದು ಪರದೆಯ ತನಕ ಹೋಗಿದ್ದ ಕೈಯನ್ನು ಕುರ್ಚಿಯಲ್ಲಿದ್ದ ಪಟ್ಟಲಮ್ಮ ತಟ್ಟನೆ ಹಿಂದಕ್ಕೆ ಎಳೆದು ಮಡಿಲಲ್ಲಿ ಇಟ್ಟುಕೊಂಡಳು. ಹಾಲು ಪಾತ್ರೆಯ ನಾಲ್ಕೂ ಕಡೆಗೆ ಇಳಿಯಿತು.